ದೊಡ್ಡ ಅಳಿಯನ ಕಾರ್ಡು

ಚಿಕ್ಕ ಅಳಿಯ ಅತ್ತೆಯ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ಬೋರಲು ಹಾಕಿ, ಒಂದೊಂದೇ ಸ್ಕ್ರೂ ಬಿಚ್ಚಿ ಬಟ್ಟಲಿಗೆ ಹಾಕುತ್ತಿದ್ದ. ಎದುರು ಕುರ್ಚಿಯಲ್ಲಿ ದೊಡ್ಡ ಅಳಿಯ ಪೇಪರು ಹಿಡಿದು ಕೂತಿದ್ದ. ಓದುತ್ತಿರಲಿಲ್ಲ. ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು, ಹಟ ಹಿಡಿದ ಮಿಕ್ಸಿ, ಈ ಮನೆಯಲ್ಲಿ ಏನು ಕೆಟ್ಟರೂ ಇಷ್ಟು ವರ್ಷ ಅವನೇ ದಿಕ್ಕು. ಪ್ರತಿಸಲವೂ ಅತ್ತೆ, "ನೀವಿಲ್ಲದಿದ್ರೆ ನಮ್ಮ ಗತಿ ಏನು ಅಳಿಯಂದ್ರೇ" ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ಅವನು ಕೆಡದ ಸಾಮಾನನ್ನೂ ಬಿಚ್ಚಿ ನೋಡಿದ್ದುಂಟು. ಹೋದ ವಾರ ಇದೇ ಲ್ಯಾಪ್‌ಟಾಪನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, "ಬೋರ್ಡೇ ಹೋಗಿದೆ ಅತ್ತೆ, ಹೊಸದು ತಗೊಳ್ಳಿ" ಎಂದು ತೀರ್ಪು ಕೊಟ್ಟವನೂ ಅವನೇ.

"ಬೋರ್ಡ್‌ಗೆ ಏನೂ ಆಗಿಲ್ಲ ಅತ್ತೆ. ನೆಟ್ ಹಿಡಿಯೋ ಕಾರ್ಡ್ ಸತ್ತಿದೆ, ಅಷ್ಟೇ," ಎಂದ ಚಿಕ್ಕ ಅಳಿಯ. ಜೇಬಿನಿಂದ ಹೊಸ ಕಾರ್ಡು ತೆಗೆದ. ಅರ್ಧ ಬೆಂಕಿಪೊಟ್ಟಣದಷ್ಟೂ ಇರಲಿಲ್ಲ ಅದು. ಹಳೆಯದನ್ನು ಕಿತ್ತು, ಇದನ್ನು ಕೂರಿಸಿ, ಕೂದಲೆಳೆಯಂಥ ಎರಡು ತಂತಿಗಳನ್ನು ಉಗುರಿನಿಂದ ಒತ್ತಿ ಸಿಕ್ಕಿಸಿದ. ಹೊಟ್ಟೆ ಉರಿಯುತ್ತಿದ್ದರೂ ದೊಡ್ಡ ಅಳಿಯ ಕಣ್ಣು ಮಿಟುಕಿಸದೆ ನೋಡಿದ.

ಗುಂಡಿ ಒತ್ತಿದರೆ ಪರದೆ ಕಪ್ಪಾಗಿ, ‘ಒಪ್ಪಿಗೆ ಇಲ್ಲದ ಕಾರ್ಡು, ತೆಗೆದು ಮತ್ತೆ ಶುರು ಮಾಡಿ’ ಎಂಬ ಬರಹ ಬಂತು. ಮುಂದೆ ಹೋಗಲೊಲ್ಲದು.

"ನಾನು ಅವತ್ತೇ ಹೇಳಿದ್ದೆ," ಎಂದ ದೊಡ್ಡ ಅಳಿಯ. ಅವನಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಚಿಕ್ಕವನು ನಕ್ಕ. "ಇಲ್ಲ ಭಾವ, ಇದು ಕಂಪನಿಯವರ ಕಿತಾಪತಿ. ಅವರದೇ ನಂಬರ್ ಇರೋ ಕಾರ್ಡ್ ಹಾಕಿದ್ರೆ ಮಾತ್ರ ಒಳಗೆ ಬಿಟ್ಕೊಳ್ಳತ್ತೆ. ಇದೇ ಕಂಪನಿಯ ಯಾವುದಾದ್ರೂ ಕೆಟ್ಟ ಲ್ಯಾಪ್‌ಟಾಪ್ ಸಿಕ್ಕಿದ್ರೆ ಅದರ ಕಾರ್ಡ್ ಕಿತ್ತು ಹಾಕಬಹುದಿತ್ತು."

"ನಿಮ್ಮ ಹತ್ರ ಇತ್ತಲ್ಲ ಅಳಿಯಂದ್ರೇ, ಇದೇ ಥರದ್ದು?" ಅತ್ತೆ ದೊಡ್ಡವನ ಕಡೆ ತಿರುಗಿದರು. "ಸಂಜೆ ಆನ್‌ಲೈನ್‌ನಲ್ಲಿ ನನ್ನ ಹೊಲಿಗೆ ಪಾಠ ಬೇರೆ ಇದೆ. ಹುಡುಗಿಯರು ಕಾಯ್ತಾ ಕೂತಿರ್ತಾರೆ."

ಇತ್ತು. ಹಿಂದಿನ ಬೀದಿಯಲ್ಲೇ ಇದ್ದ ಅವನ ಮನೆಯಲ್ಲಿ, ಕಪಾಟಿನ ಮೇಲೆ ಧೂಳು ತಿನ್ನುತ್ತ ಬಿದ್ದಿತ್ತು. ಆದರೆ ತನ್ನ ಕಾರ್ಡು ಕೊಟ್ಟು ಇವನಿಗೆ ಶಹಬ್ಬಾಸ್‌ಗಿರಿ ಕೊಡಿಸುವಷ್ಟು ದಡ್ಡನೇ ತಾನು?

"ಅದನ್ನ ಗುಜರಿಗೆ ಹಾಕಿ ಎಷ್ಟು ಕಾಲ ಆಯ್ತು ಅತ್ತೆ!" ಎಂದುಬಿಟ್ಟ.

"ಹೋಗ್ಲಿ ಬಿಡಿ, ಹಳೇ ಸಾಮಾನಿನ ಅಂಗಡಿ ಸಾಲಲ್ಲಿ ನೋಡ್ಕೊಂಡು ಬರ್ತೀನಿ," ಎಂದು ಚಿಕ್ಕವನು ಬಿಸಿಲಿಗೆ ಹೊರಟ. ಅತ್ತೆ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ತಾರಸಿ ಹತ್ತಿದರು.

ದೊಡ್ಡ ಅಳಿಯ ಓಡಿದ. ಮನೆಯಲ್ಲಿ ಸ್ಟೂಲು ಹಾಕಿ ಕಪಾಟಿನ ಮೇಲಿನ ಲ್ಯಾಪ್‌ಟಾಪು ಇಳಿಸಿ, ಕಾರ್ಡು ಕಿತ್ತು, ಏದುಸಿರು ಬಿಡುತ್ತ ವಾಪಸು ಬಂದ. ಚಿಕ್ಕವನು ಹಾಕಿದ್ದನ್ನು ತೆಗೆದು ಜೇಬಿಗೆ ಸೇರಿಸಿದ. ತನ್ನದನ್ನು ಕೂರಿಸಿದ. ಆ ಎರಡು ತಂತಿ ಮಾತ್ರ ಅವನನ್ನು ಗೋಳು ಹೊಯ್ದುಕೊಂಡವು, ಆದರೂ ಸಿಕ್ಕಿಕೊಂಡವು. ಗುಂಡಿ ಒತ್ತಿದ. ಯಂತ್ರ ತಕರಾರಿಲ್ಲದೆ ಎದ್ದಿತು, ನೆಟ್ಟೂ ಬಂತು. ಅವನಿಗೆ ಕುಣಿಯಬೇಕೆನಿಸಿತು.

"ಅತ್ತೇ! ಬನ್ನಿ ಇಲ್ಲಿ, ಆಯ್ತು!"

ಅತ್ತೆ ಖಾಲಿ ಬಕೆಟ್ಟಿನೊಂದಿಗೆ ಇಳಿದು ಬಂದರು. ಪರದೆ ನೋಡಿ ಮುಖ ಅರಳಿತು. "ಅಯ್ಯೋ, ಬಂತಲ್ಲ! ಕಾರ್ಡ್ ಎಲ್ಲಿ ಸಿಕ್ತು?"

ಕುಣಿಯುವ ಭರದಲ್ಲಿ ಅವನು ಈ ಪ್ರಶ್ನೆಗೊಂದು ಉತ್ತರ ಯೋಚಿಸಿಯೇ ಇರಲಿಲ್ಲ. ಗುಜರಿಗೆ ಹೋದದ್ದು ಎದ್ದು ಬಂತು ಎನ್ನಲಾದೀತೇ? "ಅದು... ಅದೇ ಕಾರ್ಡೇ ಅತ್ತೆ. ಸರಿಯಾಗಿ ಕೂತಿರಲಿಲ್ಲ. ನಾನು ಸ್ವಲ್ಪ ಒತ್ತಿದೆ," ಎಂದ.

"ಹಾಗಾದ್ರೆ ಚಿಕ್ಕ ಅಳಿಯಂದ್ರು ತಂದಿದ್ದೇ ಸರಿ ಇತ್ತು ಅನ್ನಿ! ಪಾಪ, ಸುಮ್ಮನೆ ಬಿಸಿಲಲ್ಲಿ ಅಲೀತಿದ್ದಾರೆ."

ಅಷ್ಟರಲ್ಲಿ ಚಿಕ್ಕವನು ಬರಿಗೈಯಲ್ಲಿ, ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ. ಅತ್ತೆ ಸಂಭ್ರಮದಿಂದ ಎಲ್ಲ ಹೇಳಿದರು. ಅವನು ಯಂತ್ರ ಆರಿಸಿ, ತಿರುಗಿಸಿ ಒಳಗೆ ಇಣುಕಿದ. ಕಾರ್ಡಿನ ಮೇಲೆ ಕಂಪನಿಯ ನಂಬರು ಎದ್ದು ಕಾಣುತ್ತಿತ್ತು. ಭಾವನ ಮುಖ ನೋಡಿದ. ಭಾವ ಮುಖ ತಿರುಗಿಸಿ ಕಿಟಕಿ ನೋಡಿದ. ಚಿಕ್ಕವನು ಮುಚ್ಚಳ ಹಾಕಿ, ಬಟ್ಟಲಿನ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದ.

"ಇದ್ರಲ್ಲಿ ನಂದೇನೂ ಇಲ್ಲ ಅತ್ತೆ," ಎಂದ ಕೊನೆಗೆ. "ಸರಿ ಮಾಡಿದ್ದು ಪೂರ್ತಿ ಭಾವನೇ. ನಿಜವಾಗ್ಲೂ."

ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. "ನೋಡಿದ್ರಾ ದೊಡ್ಡ ಅಳಿಯಂದ್ರೇ? ಕಾರ್ಡ್ ತಂದಿದ್ದು ಇವರು, ಹಾಕಿದ್ದು ಇವರು, ಬಿಸಿಲಲ್ಲಿ ಬೆಂದು ಬಂದಿದ್ದೂ ಇವರು. ಹೆಸರು ಮಾತ್ರ ನಿಮಗೆ ಕೊಡ್ತಿದ್ದಾರೆ. ಎಷ್ಟು ದೊಡ್ಡ ಮನಸ್ಸು ಅಲ್ವಾ?"

ದೊಡ್ಡ ಅಳಿಯನ ಗಂಟಲಲ್ಲಿ ಬಿಸಿ ತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಇಬ್ಬರೂ ಅವನ ಮುಖವನ್ನೇ ನೋಡುತ್ತಿದ್ದರು.

"ಹೌದು ಅತ್ತೆ," ಎಂದ. "ತುಂಬಾ ದೊಡ್ಡ ಮನಸ್ಸು."