ಮಾತು ನಿಂತ ಒಲೆ

ನೀರು ಕುದಿಯಿತು. ರಿಪೇರಿ ಅಂಗಡಿಯ ಬೇಡಕ್ಕ ಪಾತ್ರೆ ಇಳಿಸಿ, ಇಂಡಕ್ಷನ್ ಒಲೆಯ ಪ್ಲಗ್ ಕಿತ್ತು, ಎದುರು ನಿಂತಿದ್ದ ಮುದುಕರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಯಜಮಾನ್ರೇ, ಒಲೆ ಗುಂಡುಕಲ್ಲಿನ ಹಾಗಿದೆ. ಏನೂ ಆಗಿಲ್ಲ, ತಗೊಂಡು ಹೋಗಿ."

"ಕಾಯುತ್ತೆ ತಾಯಿ, ನಾನೆಲ್ಲಿ ಇಲ್ಲ ಅಂದೆ? ಪೀಂ ಅನ್ನಲ್ಲ."

"ಅನ್ನದಿದ್ರೆ ಬಿಡಿ. ಅದರ ಬಾಯಿ ಮುಚ್ಚಿಸಿ ಕೊಡಿ ಅಂತ ಬರೋರೇ ಜಾಸ್ತಿ ನನ್ನ ಹತ್ರ."

ಅಂಗಡಿಯವಳ ನಿಜವಾದ ಹೆಸರು ಆ ಬೀದಿಯಲ್ಲಿ ಯಾರ ನೆನಪಿನಲ್ಲೂ ಉಳಿದಿರಲಿಲ್ಲ. ಕೆಟ್ಟ ಒಲೆ ಬಂದರೆ ಬಿಚ್ಚಿ, ಒಮ್ಮೆ ಮೂಸಿ ನೋಡುವಳು. ಫ್ಯೂಸೋ ಫ್ಯಾನೋ ಆದರೆ ನಿಂತ ಕಾಲಲ್ಲೇ ಸರಿಮಾಡಿ ಕೊಡುವಳು. ಗಾಜು ಸೀಳಿದ್ದರೆ, ಒಳಗಿನ ಕಾಯಿಲ್ ಸುಟ್ಟಿದ್ದರೆ ಮುಖಕ್ಕೆ ಹೊಡೆದ ಹಾಗೆ "ರಿಪೇರಿ ಬೇಡ, ಹೊಸದು ತಗೊಳ್ಳಿ" ಎನ್ನುವಳು. ಜನ ಗೊಣಗುತ್ತಿದ್ದರು, ಬೇಡಕ್ಕ ಎಂದು ಅಡ್ಡಹೆಸರನ್ನೂ ಇಟ್ಟಿದ್ದರು, ಆದರೂ ಅವಳ ಹತ್ತಿರವೇ ಬರುತ್ತಿದ್ದರು. ಈ ಒಲೆಯ ವಿಷಯದಲ್ಲೂ ಅವಳ ಮನಸ್ಸು ಬೇಡ ಎಂದೇ ಹೇಳುತ್ತಿತ್ತು. ಸದ್ದು ಮಾಡುವ ಬಜರ್ ಅಂಗಿಯ ಗುಂಡಿಯಷ್ಟು ಚಿಕ್ಕದು, ನಿಜ. ಆದರೆ ವರ್ಷಗಟ್ಟಲೆ ಕಾವು ತಿಂದು ಒಣಗಿದ ಬೋರ್ಡು ಅದು. ಬೆಸುಗೆ ಬಿಡಿಸಲು ಹೋದರೆ ತಾಮ್ರದ ಗೆರೆಗಳೇ ಹಕ್ಕಳೆಯಾಗಿ ಎದ್ದು ಬರಬಹುದು. ಸದ್ದು ತರಿಸಲು ಹೋಗಿ ಇರುವ ಕಾವನ್ನೂ ಕಳೆಯುವುದು ಯಾವ ಬುದ್ಧಿವಂತಿಕೆ?

ಅಷ್ಟನ್ನೂ ಬಿಡಿಸಿ ಹೇಳಿ, ಕಪಾಟಿನಿಂದ ಹೊಸ ಒಲೆಯೊಂದನ್ನು ಇಳಿಸಿ, ಪ್ಲಗ್ ಹಾಕಿ ಮುಂದಿಟ್ಟಳು. ಮುದುಕರು ಅದರ ಗಾಜಿನ ಮೇಲೆ ಬೆರಳು ಜಾರಿಸಿದರು. ಒಲೆ ಪೀಂ ಎಂದು ಒಂದೇ ಸಲ ಕೂಗಿತು, ಕಾವಿನ ಅಂಕಿ ಮಾತ್ರ ಸದ್ದಿಲ್ಲದೆ ಸರಸರನೆ ಮೇಲೇರಿತು.

"ಇದು ಆಗಲ್ಲ ತಾಯಿ. ಅವಳಿಗೆ ಲೆಕ್ಕ ಸಿಗಲ್ಲ."

"ಯಾರಿಗೆ?"

ಮುದುಕರು ಸ್ಟೂಲಿನ ಮೇಲೆ ಕೂತರು. "ನಮ್ಮನೆಯವಳಿಗೆ. ಸೊಂಟ ಮುರ್ಕೊಂಡು ಹೋದ ವರ್ಷದಿಂದ ಮಲಗಿದ್ದಾಳೆ. ಅಡುಗೆಮನೆ ಗೋಡೆಗೆ ಹತ್ಕೊಂಡೇ ಅವಳ ಮಂಚ. ನಾನು ಬಸ್ ಕಂಡಕ್ಟರ್ ಆಗಿದ್ದೋನು, ನಂಗೇನು ಗೊತ್ತು ಅಡುಗೆ? ಈ ಒಲೆ ಒಂದೊಂದು ಸಲ ಒತ್ತಿದಾಗ್ಲೂ, ಪಾತ್ರೆ ಎತ್ತಿದಾಗ್ಲೂ ಪೀಂ ಅಂತಿತ್ತು. ಅವಳು ಮಲಗಿದಲ್ಲೇ ಎಣಿಸ್ಕೊಂಡು, ಜಾಸ್ತಿ ಆಯ್ತು ಇಳಿಸ್ರೀ, ಪಾತ್ರೆ ಎತ್ತಿಟ್ಟು ಎಲ್ಲಿ ಹಾಳಾಗಿ ಹೋದ್ರಿ, ಅಂತ ಬಯ್ಯೋಳು. ನಾನು ಹಿಂದಿನಿಂದ ವಿಸಿಲ್ ಊದಿದ್ರೆ ಡ್ರೈವರ್ ತಿರುಗಿ ನೋಡದೆ ಬಸ್ ಬಿಡ್ತಿದ್ದ ನೋಡಿ, ಹಾಗೆ. ಈಗ ನಾನು ಡ್ರೈವರು."

ಬೇಡಕ್ಕನಿಗೆ ನಗು ಬಂತು. "ಇಷ್ಟು ಸಲ ಒತ್ತಿದೆ ಅಂತ ನೀವೇ ಬಾಯಲ್ಲಿ ಹೇಳಬಹುದಲ್ಲ?"

"ಹೇಳಿ ನೋಡಿದೆ. ಹೂಂ ಅಂದು ಸುಮ್ಮನಾಗ್ತಾಳೆ. ನಾನು ಹೇಳಿದ್ರೆ ಅದು ನಾನು ಮಾಡಿದ ಅಡುಗೆ ತಾಯಿ. ಅವಳ ಕಿವಿಗೆ ತಾನಾಗಿ ಬಿದ್ರೆ ಅವಳ ಅಡುಗೆ." ಅವರು ಒಲೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದರು. "ಇದರ ಸದ್ದು ನಿಂತಾಗಿಂದ ಅವಳು ಬೈದಿಲ್ಲ. ತಟ್ಟೆ ಇಟ್ರೆ ಎರಡು ತುತ್ತು ತಿಂದು ಗೋಡೆ ಕಡೆ ತಿರುಗ್ತಾಳೆ."

ಬೇಡ ಎಂಬ ಮಾತು ಬೇಡಕ್ಕನ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಪಾಪ ಅನ್ನಿಸಿತು, ಭಯವೂ ಆಯಿತು. ಇದು ಕೈಕೊಟ್ಟರೆ ಈ ಮನುಷ್ಯನಿಗೆ ಹೊಸ ಒಲೆ ಸಿಗುತ್ತದೆ, ಆ ಮನೆಯ ಮಾತು ವಾಪಸ್ಸು ಸಿಗುವುದಿಲ್ಲ.

"ಪೂರ್ತಿ ಕೆಟ್ರೂ ಕೆಡಬಹುದು. ಆಮೇಲೆ ನನ್ನ ಬೈಬಾರದು."

"ಬೈಯೋರು ಬೇಕು ಅಂತಲೇ ಅಲ್ವಾ ನಾನು ಬಂದಿರೋದು," ಎಂದರು ಕಂಡಕ್ಟರು.

ಅವಳು ಮೂಲೆಯಿಂದ ಗಾಜು ಸೀಳಿದ ಒಲೆಯೊಂದನ್ನು ಎಳೆದುಕೊಂಡಳು. ಬೆಳಿಗ್ಗೆ ತಾನೇ ಬೇಡ ಅಂದಿದ್ದಕ್ಕೆ ಯಾರೋ ಅಲ್ಲೇ ಬಿಟ್ಟುಹೋಗಿದ್ದರು. ಅದರ ಬಜರ್ ಬಿಚ್ಚಿಕೊಂಡು, ಮುದುಕರ ಬೋರ್ಡಿಗೆ ಬೆಸುಗೆಯ ಕಡ್ಡಿ ತಾಗಿಸುವಾಗ ಉಸಿರು ಬಿಗಿಹಿಡಿದಳು. ಒಂದು ಕಡೆ ಗೆರೆ ಎದ್ದೇಬಿಟ್ಟಿತು. ಕೂದಲೆಳೆಯಂಥ ತಂತಿಯಿಂದ ಅದಕ್ಕೆ ಹಾದಿ ಕಟ್ಟಿದಳು. ಅವಳು ಮುಚ್ಚಳ ಹಾಕಿದ ಮೇಲೆ ಮುದುಕರು ಮೆಲ್ಲಗೆ ಕೇಳಿದರು.

"ಒಂದ್ಸಲ ಮನೆಗೆ ಫೋನ್ ಮಾಡ್ಲಾ? ಅವಳ ಫೋನು ದಿಂಬಿನ ಪಕ್ಕದಲ್ಲೇ ಇಟ್ಟು ಬಂದಿದ್ದೀನಿ."

ಸ್ಪೀಕರ್ ಹಾಕಿದ ಫೋನಿನಲ್ಲಿ ಅತ್ತಲಿಂದ "ಹಲೋ" ಎಂಬ ನೀರಸ ದನಿ ಕೇಳಿತು. ಮುದುಕರು ಫೋನನ್ನು ಒಲೆಯ ಪಕ್ಕ ಇಟ್ಟರು. ಬೇಡಕ್ಕ ಪ್ಲಗ್ ಹಾಕಿ, ನೀರಿನ ಪಾತ್ರೆ ಇಟ್ಟು ಒತ್ತಿದಳು. ಪೀಂ. ರಿಪೇರಿಯಾದ ಒಲೆಯನ್ನು ಕೊನೆಯ ಮಟ್ಟದವರೆಗೆ ಏರಿಸಿ ನೋಡುವುದು ಅವಳ ಅಭ್ಯಾಸ. ಪೀಂ, ಪೀಂ, ಪೀಂ ಎಂದು ಏರಿಸುತ್ತಲೇ ಹೋದಳು. ಫೋನಿನಲ್ಲಿ ಮಂಚ ಕಿರುಗುಟ್ಟಿದ್ದು ಕೇಳಿಸಿತು.

"ರೀ, ಏನಿಟ್ಟಿದ್ದೀರಿ ಅದರ ಮೇಲೆ?"

ಕಂಡಕ್ಟರು ಫೋನನ್ನು ಬೇಡಕ್ಕನ ಕಡೆ ಸರಿಸಿದರು. ಬೇಡಕ್ಕನೇ ಹೇಳಿದಳು. "ಬರೀ ನೀರಮ್ಮಾ."

"ನೀನ್ಯಾರೋ ಗೊತ್ತಿಲ್ಲ, ಬರೀ ನೀರಿಗೆ ಅಷ್ಟು ಕಾವು ಯಾಕಮ್ಮಾ? ಎರಡು ಇಳಿಸು."

ಒಲೆಯ ವಿಷಯದಲ್ಲಿ ಯಾರ ಮಾತನ್ನೂ ಕೇಳಿದವಳಲ್ಲ ಬೇಡಕ್ಕ. ಮರುಮಾತಾಡದೆ ಎರಡು ಸಲ ಒತ್ತಿದಳು.

"ಹಾಂ, ಈಗ ಸರಿ," ಎಂದಿತು ಫೋನು. "ಅವರನ್ನ ಬೇಗ ಕಳಿಸಮ್ಮಾ. ನಂಗೆ ಹಸಿವಾಗ್ತಿದೆ."