ಬೆಳಗಿನ ಕೈಕುಲುಕು

ಹುಡುಗಿಯ ಕೈ ಹಿಡಿದಿದ್ದಾಗಿತ್ತು, ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೂ ಆಗಿತ್ತು. ಹೆಸರು ಮಾತ್ರ ಮಿಸೆಸ್ ಲೋರಿಂಗ್ ಅವರ ಬಾಯಿಗೆ ಬರಲಿಲ್ಲ. ಏಳನೆಯ ತರಗತಿ, ಹಲ್ಲಿಗೆ ತಂತಿ, ಶಿಶುವಿಹಾರಕ್ಕೆ ಬಂದ ಮೊದಲ ದಿನ ಅಮ್ಮ ಬೇಕೆಂದು ಅತ್ತು ಇದೇ ಮೆಟ್ಟಿಲ ಮೇಲೆ ಇವರ ಕೋಟಿಗೆ ಮೂಗೊರೆಸಿದವಳು. ಅದೆಲ್ಲ ನೆನಪಿದೆ, ಹೆಸರೊಂದು ಬಿಟ್ಟು. ಮಕ್ಕಳನ್ನು ಇಳಿಸಲು ಬಂದ ಕಾರುಗಳ ಸಾಲು ಗೇಟಿನಾಚೆಗೂ ಬೆಳೆಯಿತು. ಆ ಸಾಲಿನಲ್ಲಿ ಹಾರ್ನ್ ಮಾಡುವುದೆಂದರೆ ಚರ್ಚಿನಲ್ಲಿ ಸಿಳ್ಳೆ ಹೊಡೆದಂತೆ. ಆದರೂ ಯಾರೋ ತಡೆಯಲಾರದೆ ಮೆಲ್ಲಗೆ ಒಮ್ಮೆ ಒತ್ತಿಯೇಬಿಟ್ಟರು.

"ನನ್ನ ಕೈ ವಾಪಸ್ ಕೊಡಿ ಮಿಸೆಸ್ ಲೋರಿಂಗ್, ಗಣಿತದ ಟೆಸ್ಟ್ ಇದೆ," ಎಂದಳು ಹುಡುಗಿ, ನಗುತ್ತ.

"ತಗೋ ಮರಿ, ಹೋಗು."

ಮರಿ ಎಂದದ್ದು ಇಬ್ಬರಿಗೂ ಕೇಳಿಸಿತು. ಶಾಲೆಯ ಮುಖ್ಯಸ್ಥೆಯಾದಾಗಿನಿಂದ ಮಳೆಯಿರಲಿ, ಹಿಮವಿರಲಿ, ಅವರು ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಪ್ರತಿ ಮಗುವಿನ ಕೈಕುಲುಕಿ, ಹೆಸರು ಹಿಡಿದು ಕರೆದೇ ಒಳಗೆ ಬಿಡುತ್ತಿದ್ದರು. ಹೆಸರಿಲ್ಲದೆ ಒಳಗೆ ಹೋದವಳು ಈಕೆಯೇ ಮೊದಲು. ಹುಡುಗಿ ಒಮ್ಮೆ ತಿರುಗಿ ನೋಡಿ ಹೋದಳು.

"ಬ್ರಿಜೆಟ್," ಎಂದರು ಮಿಸೆಸ್ ಲೋರಿಂಗ್, ಗಂಟೆ ಹೊಡೆದು ಎಷ್ಟೋ ಹೊತ್ತಾದ ಮೇಲೆ, ಕಾಫಿ ಲೋಟವನ್ನು ಕೆಳಗಿಡುತ್ತ. "ಅವಳ ಹೆಸರು ಬ್ರಿಜೆಟ್. ಈಗ ಬಂತು. ಈಗ ಯಾರಿಗೆ ಬೇಕು?"

ಉಪಮುಖ್ಯಸ್ಥ ಡೆಸ್ಮಂಡ್ ಪ್ರೂಯಿಟ್ ಕಾರುಗಳನ್ನು ಸಾಗಹಾಕಿ ಬಂದು ಎದುರಿಗೆ ಕೂತಿದ್ದರು. "ಬಿಡಿ ಹ್ಯಾರಿಯೆಟ್, ನನಗೆ ನನ್ನ ಹೆಂಡತಿ ಹುಟ್ಟಿದ ದಿನಾನೇ ನೆನಪಿರಲ್ಲ."

"ಅದು ಮರೆವಲ್ಲ, ಉದಾಸೀನ. ಇದು ಬೇರೆ. ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಮೊದಲು ಬೆಕ್ಕುಗಳ ಹೆಸರು ಹೋಯ್ತು, ಆಮೇಲೆ ನಮ್ಮದು."

"ಡಾಕ್ಟರು ಏನಂದ್ರು?"

"ವಯಸ್ಸು ಅಂದ. ಅವನೂ ಇಲ್ಲೇ ಓದಿದವನು. ನನ್ನೆದುರು ಜೋರಾಗಿ ಮಾತಾಡೋಕೆ ಇನ್ನೂ ಹೆದರ್ತಾನೆ." ಅವರು ಕಿಟಕಿಯತ್ತ ತಿರುಗಿದರು. "ನಾಳೆ ಇನ್ನೊಂದು ಹೆಸರು ತಪ್ಪಿದ್ರೆ ಬಾಗಿಲಲ್ಲಿ ನೀನೇ ನಿಂತ್ಕೋ. ಹೆಸರು ಗೊತ್ತಿಲ್ದೆ ಕೈ ಹಿಡಿಯೋಕೆ ನಾನೇನು ಓಟು ಕೇಳೋಕೆ ನಿಂತಿದೀನಾ?"

"ನನ್ನ ಕೈ ತಣ್ಣಗಿರುತ್ತೆ. ಮಕ್ಕಳು ಓಡಿಹೋಗ್ತಾರೆ," ಎಂದರು ಪ್ರೂಯಿಟ್. ಆಕೆ ನಗಲಿಲ್ಲ. ಆ ಬಾಗಿಲು ಬಿಟ್ಟರೆ ತನಗೆ ಬೆಳಗೆಂಬುದೇ ಇಲ್ಲ ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಮಿಸೆಸ್ ಲೋರಿಂಗ್ ಕೈಗವಸು ಕಳಚಿ ಬಾಗಿಲಲ್ಲಿ ನಿಂತರು. ಮೊದಲ ಕಾರಿನಿಂದ ಇಳಿದ ಹುಡುಗ ನೆಟ್ಟಗೆ ಬಂದು ಕೈ ಚಾಚಿದ. "ಗುಡ್ ಮಾರ್ನಿಂಗ್, ಮಿಸೆಸ್ ಲೋರಿಂಗ್. ನಾನು ಥಿಯೋ."

"ನೀನು ಥಿಯೋ ಅಂತ ನನಗೆ ಗೊತ್ತಿಲ್ವೇನೋ?"

ಅಷ್ಟರಲ್ಲಿ ಮುಂದಿನವಳು ಬಂದಳು. "ನಾನು ಪ್ರಿಸಿಲ್ಲಾ." ಅವಳ ಹಿಂದಿನವನು ಬ್ಯಾಸ್ಕೆಟ್‌ಬಾಲ್ ತಂಡದ ನಾಯಕ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದವನು, ಅವನೂ ಶಿಶುವಿಹಾರದ ಮಗುವಿನಂತೆ "ನಾನು ಗ್ರಾಂಟ್," ಎಂದು ಒಪ್ಪಿಸಿದ. ಮಿಸೆಸ್ ಲೋರಿಂಗ್ ಅವನ ಭುಜದಾಚೆ ಇಣುಕಿದರು. ಬ್ರಿಜೆಟ್, ಮಕ್ಕಳನ್ನು ಇಳಿಸಿಕೊಳ್ಳುವ ಸರದಿ ಅಂದು ತನ್ನದಲ್ಲದಿದ್ದರೂ, ಒಂದೊಂದೇ ಕಾರಿನ ಬಾಗಿಲು ತೆಗೆಯುತ್ತ, ಇಳಿದವರ ಕಿವಿಯಲ್ಲಿ ಏನೋ ಉಸುರುತ್ತಿದ್ದಳು. ಪಕ್ಕದಲ್ಲಿ ಪ್ರೂಯಿಟ್ ಏನೂ ಗೊತ್ತಿಲ್ಲದವರಂತೆ ಆಕಾಶ ನೋಡುತ್ತಿದ್ದರು.

"ಬ್ರಿಜೆಟ್! ಏನಿದು ನಾಟಕ?"

"ನೀವೇ ಕಲಿಸಿದ್ದಲ್ವಾ? ಕಣ್ಣು ನೋಡ್ಬೇಕು, ಕೈ ಗಟ್ಟಿಯಾಗಿ ಹಿಡೀಬೇಕು, ಹೆಸರು ಹೇಳ್ಬೇಕು ಅಂತ."

"ಅದು ಹೊಸಬರು ಬಂದಾಗ. ನಾನೇನು ಹೊಸಬಳಾ?"

"ಇಲ್ಲ," ಎಂದಳು ಹುಡುಗಿ. ಕಿವಿ ಕೆಂಪಾಗಿತ್ತು. "ಸಾಲು ಬೇಗ ಸಾಗಲಿ ಅಂತ."

ಮುಖ್ಯಸ್ಥೆಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಅಳು. ಮಕ್ಕಳು ಒಬ್ಬರ ಹಿಂದೊಬ್ಬರು ಬಂದು ಹೆಸರು ಕೊಟ್ಟು ಹೋದರು. ಮಿಸೆಸ್ ಲೋರಿಂಗ್ ಅವರೂ ಕೊಟ್ಟದ್ದನ್ನು ಇಸಿದುಕೊಂಡು, ಅದೇ ಹೆಸರಿನಿಂದ ಕರೆದು ಒಳಗೆ ಕಳಿಸಿದರು.

ಕಡೆಯ ಕಾರಿನಿಂದ ಶಿಶುವಿಹಾರದ ಓಟಿಸ್ ಇಳಿದ, ಎಡಗಾಲಿನ ಬೂಟು ಬಲಗಾಲಿಗೆ ಹಾಕಿಕೊಂಡು. ಐದು ವರ್ಷದವನಿಗೆ ಸುತ್ತುಬಳಸಿ ಹೇಳಲಾಗದೆ ಬ್ರಿಜೆಟ್ ನೇರವಾಗಿಯೇ ಪಿಸುಗುಟ್ಟಿದಳು: "ಅವರಿಗೆ ಹೆಸರು ಮರೆತೋಗುತ್ತೆ ಕಣೋ, ನಾವೇ ಹೇಳ್ಬೇಕು." ಆ ಪಿಸುಮಾತು ಮೆಟ್ಟಿಲ ಮೇಲಕ್ಕೂ ಕೇಳಿಸಿತು. ಮಿಸೆಸ್ ಲೋರಿಂಗ್ ಅವನತ್ತ ಕೈ ಚಾಚಿದರು.

ಓಟಿಸ್ ಹಲ್ಲಿನಿಂದ ಕಚ್ಚಿ ಕೈಗವಸು ಎಳೆದ, ಕೈ ಕೊಟ್ಟ, ಕತ್ತೆತ್ತಿ ಅವರ ಕಣ್ಣನ್ನೇ ನೋಡಿದ. ಬಹಳ ಯೋಚಿಸಿ, ಮೆಲ್ಲಗೆ, ಬೇರೆ ಯಾರಿಗೂ ಕೇಳಿಸಬಾರದೆಂಬಂತೆ ಹೇಳಿದ: "ನೀವು ಮಿಸೆಸ್ ಲೋರಿಂಗ್."

ಬ್ರಿಜೆಟ್ ಹಣೆ ಚಚ್ಚಿಕೊಂಡಳು. ಮಿಸೆಸ್ ಲೋರಿಂಗ್ ಮಂಡಿಯೂರಿ ಅವನ ಸಮಕ್ಕೆ ಬಂದರು, ಹಿಡಿದ ಕೈ ಬಿಡಲಿಲ್ಲ.

"ಹೌದು ಕಣೋ ಓಟಿಸ್, ಅವಳೇ ನಾನು," ಎಂದರು. "ನಾಳೆನೂ ಬಂದು ಹೇಳ್ತೀಯಾ?"