ಶಾಗ್ಯಾದ ಎದೆಬಡಿತ

2024ರ ಡಿಸೆಂಬರ್ 6, ಶುಕ್ರವಾರ, ಬೆಳಿಗ್ಗೆ 6 ಗಂಟೆ 40 ನಿಮಿಷ. ಕೊಲ್ಲಿ ನಾಡಿನ ಸಖೀರ್ ಮರುಭೂಮಿಯ ಮರಳಿನಲ್ಲಿ ಮೂವತ್ತು ಕಿಲೋಮೀಟರ್ ಓಡಿ ಬಂದ ಬೂದು ಕುದುರೆಯ ಪಕ್ಕೆಗೆ ಲಾಯದ ಪಶುವೈದ್ಯ ನವನೀತ್ ಸ್ಟೆತಾಸ್ಕೋಪ್ ಒತ್ತಿದ. ನಿಮಿಷಕ್ಕೆ ಎಪ್ಪತ್ತಾರು ಬಡಿತ. ದೂರದೋಟದ ಪಂದ್ಯದ ನಿಯಮದಂತೆ ಹದಿನೈದು ನಿಮಿಷದೊಳಗೆ ಅದು ಅರವತ್ತನಾಲ್ಕಕ್ಕೆ ಇಳಿಯಬೇಕು. ಇಳಿಯದಿದ್ದರೆ ಕುದುರೆಯನ್ನು ಮಾರಿಬಿಡುವುದೆಂದು ಯಜಮಾನ ಹೇಳಿಯಾಗಿತ್ತು. ಹಂಗೇರಿಯಿಂದ ಇದನ್ನೇ ತರಿಸಿ ಎಂದು ವರ್ಷವಿಡೀ ಅವನ ಬೆನ್ನು ಬಿದ್ದಿದ್ದವನು ನವನೀತ್.

"ಅರಬ್ಬಿ ಅಂತ ಹೇಳಿ ತರಿಸಿದ್ದು. ನೋಡಿದರೆ ಗಾಡಿ ಎಳೆಯುವ ಜಾತಿಯ ಹಾಗೆ ಉಂಟು," ಅಂದ ಅಬ್ಬಾಸ್, ಕುದುರೆಯ ಕುತ್ತಿಗೆಗೆ ನೀರು ಸುರಿಯುತ್ತ. ಪುತ್ತೂರು ಬಿಟ್ಟು ಬಂದಾಗಿನಿಂದ ಅಪ್ಪಟ ಅರಬ್ಬಿ ಕುದುರೆಗಳ ನಡುವೆಯೇ ತಲೆ ನರೆಸಿಕೊಂಡ ಲಾಯದ ಉಸ್ತುವಾರಿ ಅವನು.

ನವನೀತನಿಗೆ ಈ ಮಾತು ಕೇಳಿ ಕೇಳಿ ರೋಸಿಹೋಗಿತ್ತು. ಇದು ಶಾಗ್ಯಾ ತಳಿ, ಮೂಲದ ಗಂಡು ಕುದುರೆಯನ್ನು 1836ರಲ್ಲಿ ಹಂಗೇರಿಯವರು ಒಯ್ದದ್ದು ಸಿರಿಯಾದ ಬೆದೂಯಿನ್ ಅಲೆಮಾರಿಗಳಿಂದ, ಅಲ್ಲಿನ ಹೆಣ್ಣು ಕುದುರೆಗಳೊಂದಿಗೆ ಕೂಡಿಸಿದ್ದು ಸವಾರ ಸೈನಿಕರ ಭಾರ ತಡೆಯಲಿ ಎಂದು, ಅದಕ್ಕೇ ಈ ಎತ್ತರ, ಈ ದಪ್ಪ ಮೂಳೆ, ಮುಖ ಮಾತ್ರ ಅರಬ್ಬಿಯದೇ ಎಂದು ಮತ್ತೊಮ್ಮೆ ಒದರಿದ.

"ಹಾಗಾದರೆ ಅರಬ್ಬಿ ಹೌದಾ, ಅಲ್ಲವಾ? ಒಂದು ಹೇಳಿ ಡಾಕ್ಟ್ರೇ."

"ಒಂದೇ ಹೇಳಲಿಕ್ಕೆ ಆಗುವುದಿಲ್ಲ ಅಬ್ಬಾಸಾಕ, ಎಷ್ಟು ಸಲ ಹೇಳಬೇಕು ನಿಮಗೆ?"

ಅವನ ದನಿ ತಗಡಿನ ಮಾಡಿಗೆ ಬಡಿದು ಮರಳಿತು. ಮತ್ತೆ ಒತ್ತಿ ನೋಡಿದರೆ ಎಂಬತ್ತು. ಕುದುರೆಯ ಎರಡೂ ಕಿವಿ ಅವನ ಕಡೆಗೇ ತಿರುಗಿದ್ದವು. ಅಬ್ಬಾಸ್ ಚುಚ್ಚುತ್ತಿದ್ದದ್ದು ಕುದುರೆಗಳೊಂದಿಗೆ ಆಡುವ ಮೆಲುದನಿಯಲ್ಲೇ. ಕಿರುಚುತ್ತಿದ್ದವನು ತಾನೊಬ್ಬನೇ ಎಂದು ನವನೀತನಿಗೆ ಆಗ ಹೊಳೆಯಿತು. ತುಟಿ ಕಚ್ಚಿ ನಿಂತ.

ಅಬ್ಬಾಸ್ ನೀರು ಹುಯ್ಯುತ್ತಲೇ ಇದ್ದ. "ಅಜ್ಜ ಸಿರಿಯಾದವನು ಆದರೆ ಆಯಿತಾ? ನಮ್ಮ ಮಗಳು ನಶ್ವಾ ಹುಟ್ಟಿದ್ದು ಇಲ್ಲೇ ಗುದೈಬಿಯಾ ಪೇಟೆಯಲ್ಲಿ. ಅವಳನ್ನು ಇಲ್ಲಿಯವಳು ಅಂತ ಯಾರು ಒಪ್ಪಿದ್ದಾರೆ?"

ಉತ್ತರ ನವನೀತನ ನಾಲಿಗೆ ತುದಿಯವರೆಗೆ ಬಂತು. ನುಂಗಿದ. ಗಾಡಿ ಎಳೆಯುವ ಜಾತಿಯ ಮಾತನ್ನು ಅಬ್ಬಾಸ್ ಇನ್ನೊಮ್ಮೆ ತೆಗೆದ, ಅದಕ್ಕಿದ್ದ ಉತ್ತರವನ್ನೂ ನುಂಗಿದ. ಕುದುರೆ ತಲೆ ತಗ್ಗಿಸಿ, ಹಿಂಗಾಲೊಂದನ್ನು ಸಡಿಲಿಸಿ ನಿಂತಿತು. ಗಡುವಿಗೆ ಇನ್ನೊಂದೇ ನಿಮಿಷ ಉಳಿದಿದ್ದಾಗ ಎಣಿಸಿದರೆ ಐವತ್ತೆಂಟು. ಸ್ಟೆತಾಸ್ಕೋಪನ್ನು ಅಬ್ಬಾಸನ ಕೈಗಿತ್ತ.

ಅಬ್ಬಾಸ್ ಕಿವಿಗಿಟ್ಟು ತಾನೂ ಎಣಿಸಿದ. ಮಾಶಾ ಅಲ್ಲಾಹ್ ಎಂದು ಕುದುರೆಯ ಹಣೆ ಸವರಿದ. ಹೊರಟಿದ್ದ ನವನೀತನನ್ನು ತಡೆದು ನಿಲ್ಲಿಸಿ, ಆ ತಣ್ಣನೆಯ ಬಿಲ್ಲೆಯನ್ನು ಅವನ ಎದೆಗಿಟ್ಟು, ಪೂರಾ ಒಂದು ನಿಮಿಷ ಗಡಿಯಾರ ನೋಡಿದ.

"ಕುದುರೆ ಇರಲಿ, ನಿಮ್ಮನ್ನು ಮಾರಬೇಕು ಡಾಕ್ಟ್ರೇ," ಅಂದ. "ನೂರ ನಾಲ್ಕು."